ಬಗ್ಗುಬಡಿಯುವ ಮಾತು, ಬಾಗಿಸುವ ಮಾತು

ಮಗು ಉಣ್ಣಲು ಹಠ ಮಾಡಿದರೆ ನಾವು ಗುಮ್ಮನನ್ನು ಕರೆಯುತ್ತೇವೆ. ಅದೇ ಮಗು ಬೆಳೆದು ಸುಬ್‌ಹಿ ನಮಾಝಿಗೆ ಏಳಲು ಉದಾಸೀನ ತೋರಿದರೆ ಗುಮ್ಮನ ಜಾಗದಲ್ಲಿ ನರಕದ ಬೆಂಕಿಯನ್ನು ತಂದು ನಿಲ್ಲಿಸುತ್ತೇವೆ. ದನಿ ಮಾತ್ರ ಮೊದಲಿನದೇ. ನಮ್ಮ ಅನೇಕ ಮನೆಗಳಲ್ಲಿ ಅಲ್ಲಾಹನ ಮೊದಲ ಪರಿಚಯ ಮಕ್ಕಳಿಗೆ ಆಗುವುದು ಹೀಗೆಯೇ. ರಹ್ಮಾನ್, ರಹೀಮ್ ಎಂಬ ನಾಮಗಳನ್ನು ಬಿಸ್ಮಿಯಲ್ಲಿ ದಿನಕ್ಕೆ ಹತ್ತಾರು ಬಾರಿ ಉಚ್ಚರಿಸುವ ಮನೆಗಳಿವು.

ಹೆದರಿಸಿ ಮಣಿಸುವುದಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಗದರಿಸು, ಬೆದರಿಸು, ದಬಾಯಿಸು, ಬಾಯಿ ಮುಚ್ಚಿಸು, ಹೆಡೆಮುರಿ ಕಟ್ಟು, ಬಗ್ಗುಬಡಿ. ಉರ್ದು ಮಾತನಾಡುವ ಮನೆಗಳಲ್ಲಿ ಧಮಕಿ ಇದೆ, ರೋಬ್ ಇದೆ. ಈ ರೋಬ್ ಅರಬಿಯ 'ರುಅಬ್' ಎಂಬ ಪದದಿಂದಲೇ ಬಂದದ್ದು. ಇವೆಲ್ಲದರಲ್ಲಿ ನಮ್ಮನ್ನು ಹೆಚ್ಚು ಯೋಚಿಸುವಂತೆ ಮಾಡುವುದು 'ಬಗ್ಗುಬಡಿ'. ಬಡಿತಕ್ಕೆ ಬಗ್ಗಿದ ಬೆನ್ನೂ ರುಕೂವಿನಲ್ಲಿ ಬಾಗಿದ ಬೆನ್ನೂ ದೂರದಿಂದ ನೋಡುವವನಿಗೆ ಒಂದೇ ರೀತಿ ಕಾಣುತ್ತವೆ. ಆದರೆ ಪವಿತ್ರ ಕುರ್‌ಆನ್ ಇವೆರಡನ್ನು ಬೇರ್ಪಡಿಸಿ ನೋಡುತ್ತದೆ. ತಾವು ವಿಶ್ವಾಸಿಗಳೆಂದು ಹೇಳಿಕೊಂಡು ಬಂದ ಮರುಭೂಮಿಯ ಅರಬರಿಗೆ ಸೂರಃ ಹುಜುರಾತ್‌ನಲ್ಲಿ ಸಿಕ್ಕ ಉತ್ತರವೇನು? ನೀವು ಶರಣಾಗಿದ್ದೀರಿ ಎಂದು ಹೇಳಿಕೊಳ್ಳಿ, ವಿಶ್ವಾಸವು ಇನ್ನೂ ನಿಮ್ಮ ಹೃದಯಗಳನ್ನು ಪ್ರವೇಶಿಸಿಲ್ಲ ಎಂಬ ಅರ್ಥದ ಉತ್ತರ.

ಬೆದರಿಸಿ ಆಳುವವನ ಚಿತ್ರ ಬೇಕಿದ್ದರೆ ಫಿರ್‌ಔನನ ಆಸ್ಥಾನಕ್ಕೆ ಹೋಗಬೇಕು. ಜಾದೂಗಾರರು ಹಗ್ಗಗಳನ್ನೂ ಕೋಲುಗಳನ್ನೂ ಎಸೆದು ಜನರ ಕಣ್ಣು ಕಟ್ಟಿದ ಪ್ರಸಂಗದಲ್ಲಿ ಸೂರಃ ಅಅ್‌ರಾಫ್ ಬಳಸುವ ಪದ 'ಇಸ್ತರ್‌ಹಬ'. ಜನರಲ್ಲಿ ಭೀತಿ ಹುಟ್ಟಿಸಿದರು ಎಂದರ್ಥ. ಹಾವುಗಳೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹೊಲದ ನಡುವೆ ಮಡಕೆಯ ತಲೆ ಹೊತ್ತು ನಿಂತ ಬೆದರುಬೊಂಬೆ ಹಕ್ಕಿಗಳಿಗೆ ಮಾಡುವುದನ್ನೇ ಆ ಹಗ್ಗಗಳು ಮನುಷ್ಯರಿಗೆ ಮಾಡಿದವು. ಸೂರಃ ಝುಖ್ರುಫ್‌ನಲ್ಲಿ ಇನ್ನೊಂದು ಪದ ಬರುತ್ತದೆ, 'ಇಸ್ತಖಫ್ಫ'. ಹಗುರ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಈಜಿಪ್ತಿನ ರಾಜ್ಯ ನನ್ನದಲ್ಲವೇ, ಈ ನದಿಗಳು ನನ್ನ ಕೆಳಗೆ ಹರಿಯುತ್ತಿಲ್ಲವೇ ಎಂದು ಫಿರ್‌ಔನ್ ಮೆರೆದ. ತನ್ನ ಜನರನ್ನು ಹಗುರವಾಗಿ ಕಂಡ, ಅವರು ಅವನ ಆಜ್ಞೆಗೆ ತಲೆಬಾಗಿದರು. ಬೆದರಿಕೆಯ ಒಳಗುಟ್ಟನ್ನು ಇಷ್ಟು ಚಿಕ್ಕದಾಗಿ ಹೇಳಿದ ಇನ್ನೊಂದು ಪದ ನಮಗೆ ತಿಳಿದಿಲ್ಲ. ಹೆದರಿಸುವವನು ಮೊದಲು ಎದುರಿಗಿರುವವನ ತೂಕವನ್ನು ಕಸಿಯುತ್ತಾನೆ.

ಅದೇ ಜಾದೂಗಾರರು ಸತ್ಯ ಕಂಡು ಸುಜೂದ್‌ಗೆ ಬಿದ್ದಾಗ ಫಿರ್‌ಔನ್ ಕೇಳಿದ್ದು, ನನ್ನ ಅನುಮತಿಯಿಲ್ಲದೆ ಹೇಗೆ ನಂಬಿದಿರಿ ಎಂದು. ಕೈಕಾಲು ಕತ್ತರಿಸಿ ಶಿಲುಬೆಗೇರಿಸುವೆನೆಂದ. ಅವರು ತೊಂದರೆಯಿಲ್ಲ ಎಂದುಬಿಟ್ಟರು. ಬೆಳಗ್ಗೆ ಇನಾಮಿನ ಚೌಕಾಸಿ ಮಾಡಿದ್ದ ಬಾಯಿಗಳವು!

ಹಾಗೆಂದು ಹೆದರುವುದೇ ಅವಿಶ್ವಾಸದ ಲಕ್ಷಣ ಎನ್ನಲಾಗದು. ಆ ಹಗ್ಗಗಳನ್ನು ಕಂಡು ಮೂಸಾ(ಅ)ರವರ ಮನಸ್ಸೂ ಒಳಗೊಳಗೇ ಅಳುಕಿತೆಂದು ಸೂರಃ ತಾಹಾ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಫಿರ್‌ಔನನ ಬಳಿಗೆ ಹೋಗುವ ಮುನ್ನವೂ ಅವರು ಮತ್ತು ಹಾರೂನ್(ಅ) ತಮ್ಮ ಭಯವನ್ನು ಅಲ್ಲಾಹನ ಮುಂದೆ ತೋಡಿಕೊಂಡಿದ್ದರು. ಅದಕ್ಕಾಗಿ ಅವರನ್ನು ಯಾರೂ ಹೇಡಿಗಳೆನ್ನಲಿಲ್ಲ.

ಇಲ್ಲಿ ನಮ್ಮ ಅನುವಾದಗಳ ಬಗ್ಗೆಯೂ ಒಂದು ಮಾತು ಹೇಳಬೇಕು. 'ತಕ್ವಾ' ಎಂಬುದನ್ನು ಕನ್ನಡದಲ್ಲಿ ದೇವಭಯ, ಭಯಭಕ್ತಿ ಎಂದು ಬರೆಯುವುದು ರೂಢಿ. ತಪ್ಪೆನ್ನುವುದಿಲ್ಲ, ಆದರೆ ಸಾಲದು. ಆ ಪದದ ಬೇರಿನಲ್ಲಿರುವುದು ಕಾಪಾಡಿಕೊಳ್ಳುವುದು. ತಕ್ವಾ ಎಂದರೇನೆಂದು ಕೇಳಿದಾಗ ಉಬೈ ಬಿನ್ ಕಅಬ್(ರ)ರವರು ಹಝ್ರತ್ ಉಮರ್(ರ)ರಿಗೆ ಮುಳ್ಳಿನ ದಾರಿಯ ಉದಾಹರಣೆ ಕೊಟ್ಟರೆಂದು ವ್ಯಾಖ್ಯಾನಕಾರರು ಉಲ್ಲೇಖಿಸುತ್ತಾರೆ. ಅಂಥ ದಾರಿಯಲ್ಲಿ ಬಟ್ಟೆ ಎತ್ತಿಕಟ್ಟಿ ನೋಡಿ ನೋಡಿ ಹೆಜ್ಜೆಯಿಡುತ್ತೇವಲ್ಲ, ಅದು. 'ಖಶ್ಯತ್' ಎಂಬ ಮತ್ತೊಂದು ಭಯವನ್ನು ಸೂರಃ ಫಾತಿರ್ ಅರಿವುಳ್ಳವರಿಗೆ ಜೋಡಿಸುತ್ತದೆ. ಅರಿತವನ ಭಯಕ್ಕೂ ಅರಿಯದಂತೆ ಹೆದರಿಸಲ್ಪಟ್ಟವನ ಭಯಕ್ಕೂ ನಾವು ಒಂದೇ ಪದ ಬಳಸತೊಡಗಿದೆವು. ಆಮೇಲೆ ಒಂದೇ ವಿಧಾನವನ್ನೂ ಬಳಸತೊಡಗಿದೆವು. ನರಕದ ಎಚ್ಚರಿಕೆ ಕುರ್‌ಆನಿನಲ್ಲಿ ಇದೆ, ಅದನ್ನು ಮರೆಮಾಚಬೇಕೆಂದು ನಾವು ಹೇಳುತ್ತಿಲ್ಲ. ಎಚ್ಚರಿಸುವವನಿಗೆ ಎದುರಿನವನು ಉಳಿಯಬೇಕೆಂಬ ತವಕವಿರುತ್ತದೆ, ಬೆದರಿಸುವವನಿಗೆ ತನ್ನ ಮಾತು ನಡೆದರೆ ಸಾಕು.

ಹೊರಗಿನ ಬೆದರಿಕೆಗಳ ಕುರಿತು ನಮ್ಮ ಸಮುದಾಯ ಸಾಕಷ್ಟು ಮಾತನಾಡುತ್ತದೆ. ಮಾತನಾಡಲೇಬೇಕು. ಆದರೆ ತಲಾಕ್ ಎಂಬ ಪದವನ್ನು ಹೆಂಡತಿಯ ತಲೆಯ ಮೇಲೆ ಕತ್ತಿಯಂತೆ ತೂಗಿಬಿಡುವ ಗಂಡ, ಪ್ರಶ್ನೆ ಕೇಳಿದ ಯುವಕನಿಗೆ ಬಹಿಷ್ಕಾರದ ಮಾತಾಡುವ ಹಿರಿಯರು, ದಂಡಂ ದಶಗುಣಂ ಎಂದು ಬೆತ್ತವನ್ನೇ ನಂಬಿದ ಉಸ್ತಾದರು, ಇವರ ಬಗ್ಗೆ ನಾವೇಕೆ ದನಿ ತಗ್ಗಿಸುತ್ತೇವೆ? ಅಬೂದಾವೂದ್ ಸಂಗ್ರಹದಲ್ಲಿ ಒಂದು ಘಟನೆಯಿದೆ. ಪ್ರವಾದಿ(ಸ)ರವರೊಂದಿಗೆ ಪ್ರಯಾಣದಲ್ಲಿದ್ದ ಒಬ್ಬರು ನಿದ್ದೆ ಹೋದರು. ಜೊತೆಗಿದ್ದವರಲ್ಲಿ ಒಬ್ಬರು ಅವರ ಬಳಿಯಿದ್ದ ಹಗ್ಗವನ್ನು ತೆಗೆದುಕೊಂಡಾಗ ಅವರು ಬೆಚ್ಚಿಬಿದ್ದರು. ಅಷ್ಟೇ ನಡೆದದ್ದು. ಒಬ್ಬ ಮುಸ್ಲಿಮನು ಇನ್ನೊಬ್ಬ ಮುಸ್ಲಿಮನನ್ನು ಭಯಪಡಿಸುವುದು ಸಮ್ಮತವಲ್ಲವೆಂದು ಪ್ರವಾದಿ(ಸ) ಸ್ಪಷ್ಟಪಡಿಸಿದರು. ಒಂದು ಹಗ್ಗದ ವಿಷಯದಲ್ಲಿ ಈ ನಿಲುವು! ಅನಸ್(ರ)ರವರು ಬಾಲ್ಯದಿಂದ 10 ವರ್ಷ ಅವರ ಸೇವೆಯಲ್ಲಿದ್ದರು, ಒಮ್ಮೆಯೂ 'ಉಫ್' ಎನಿಸಿಕೊಳ್ಳಲಿಲ್ಲ. ಆ ಬಾಲಕನ ಭಕ್ತಿಗೇನಾದರೂ ಕೊರತೆಯಾಯಿತೇ?

ಉಹುದ್‌ನ ಮರುದಿನ ಗಾಯಗಳಿನ್ನೂ ಹಸಿಯಾಗಿರುವಾಗಲೇ, ನಿಮ್ಮ ವಿರುದ್ಧ ದೊಡ್ಡ ಪಡೆ ಸೇರಿದೆ, ಹೆದರಿಕೊಳ್ಳಿ ಎಂಬ ಸುದ್ದಿ ಮುಸ್ಲಿಮರಿಗೆ ತಲುಪಿತು. ಅವರ ವಿಶ್ವಾಸ ಹೆಚ್ಚಿತೆಂದು ಸೂರಃ ಆಲಿ ಇಮ್ರಾನ್ ದಾಖಲಿಸುತ್ತದೆ, ಹೀಗೆ ಹೆದರಿಸುವುದು ಶೈತಾನನ ಕೆಲಸವೆಂದೂ ಹೇಳುತ್ತದೆ. ಆ ಸಾಲುಗಳನ್ನು ನಾವು ಹೊರಗಿನವರಿಗೆ ಅನ್ವಯಿಸಿ ಓದುತ್ತೇವೆ. ಮನೆಯ ಪಡಸಾಲೆಯಲ್ಲಿ ಕುಳಿತು, ನಮ್ಮದೇ ದನಿಯನ್ನು ನೆನಪಿಸಿಕೊಂಡು ಓದುವುದು ಕಷ್ಟ.

ಎಲ್ಲರೂ ಆ ಜಾದೂಗಾರರಂತೆ ನಿಲ್ಲಲಾರರು. ಮಕ್ಕಾದಲ್ಲಿ ಅಮ್ಮಾರ್ ಬಿನ್ ಯಾಸಿರ್(ರ)ರವರ ತಾಯಿ ಸುಮಯ್ಯಾ(ರ) ಬಗ್ಗದೆ ಹುತಾತ್ಮರಾದರು. ಮಗನಿಂದ ಮಾತ್ರ ಚಿತ್ರಹಿಂಸೆ ಸಹಿಸಲಾಗದೆ ಹಿಂಸಕರು ಬಯಸಿದ ಮಾತು ಹೊರಬಂತು. ಅಳುತ್ತಾ ಬಂದ ಅವರನ್ನು ಪ್ರವಾದಿ(ಸ) ಗದರಲಿಲ್ಲ. ನಿನ್ನ ಹೃದಯ ಹೇಗಿದೆ ಎಂದು ಕೇಳಿದರು. ವಿಶ್ವಾಸದಿಂದ ನೆಮ್ಮದಿಯಾಗಿದೆ ಎಂದರು ಅಮ್ಮಾರ್(ರ). ಅವರು ಮತ್ತೆ ಹಿಂಸಿಸಿದರೆ ನೀನೂ ಮತ್ತೆ ಹಾಗೆಯೇ ಹೇಳು ಎಂದರು ಪ್ರವಾದಿ(ಸ).