ಕಡಲ ಜೀವಿಗಳ ಗಣತಿ

ತಿಮಿಂಗಿಲ, ಡಾಲ್ಫಿನ್‌ಗಳನ್ನು ಮೀನೆನ್ನುವುದು ರೂಢಿ; ಆದರೆ ಅವು ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡುವ ಸಸ್ತನಿಗಳು. ಉಸಿರಿಗಾಗಿ ಮೇಲೆದ್ದ ಕ್ಷಣದಲ್ಲಿಯೇ ಅವುಗಳನ್ನು ಎಣಿಸಬೇಕು. ಇಂಡಿ, ಸಿಂದಗಿಯ ರೈತನು ಸಂತೆಯ ನೂರು ಎತ್ತುಗಳ ನಡುವೆ ಕೋಡು, ಸುಳಿಗಳಿಂದ ತನ್ನದನ್ನು ಗುರುತಿಸುವಂತೆ, ವಿಜ್ಞಾನಿಗಳು ಬೆನ್ನುರೆಕ್ಕೆಯ ಕಚ್ಚು, ಕಲೆಗಳ ಛಾಯಾಚಿತ್ರದಿಂದ ಒಂದೊಂದು ಡಾಲ್ಫಿನ್ನನ್ನು ಗುರುತಿಸುತ್ತಾರೆ.

ಕಾರವಾರದ ಕರಾವಳಿಯಲ್ಲಿ ಕಾಣುವ ಗೂನುಬೆನ್ನಿನ ಡಾಲ್ಫಿನ್ ಇಂದು ಅಳಿವಿನಂಚಿನಲ್ಲಿದೆ. 1972ರ ವನ್ಯಜೀವಿ ಕಾಯಿದೆಯು ಬೇಟೆಯನ್ನು ತಡೆಯಬಲ್ಲದು. ಬಲೆಗೆ ಸಿಕ್ಕಿ ಉಸಿರುಗಟ್ಟುವುದನ್ನು ಕಾಯಿದೆಯೊಂದೇ ತಡೆಯಲಾರದು. ಎಷ್ಟಿವೆಯೆಂದು ತಿಳಿಯದೆ ಎಷ್ಟು ಅಳಿದವೆಂದು ಹೇಳುವುದೆಂತು?

ಆದುದರಿಂದ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಾಲೆಗಳ ಕರಾವಳಿ ಪ್ರವಾಸವು ಅಲೆಯಾಟಕ್ಕೇ ಮುಗಿಯಬಾರದು. ಮಕ್ಕಳು ಒಂದು ತಾಸು ನಿಂತು ನೋಡಿ, ಕಂಡುದನ್ನು ಕಂಡಂತೆ ಬರೆದಿಡಲಿ. ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಲಿ. ದಾನಿಗಳು ಅದಕ್ಕೊಂದು ದುರ್ಬೀನು ಒದಗಿಸಿದರೆ ಆ ದಾನವೂ ವಿದ್ಯಾದಾನವೇ.