ಎದೆನೋವಿಗೆ ಹತ್ತಿರದ ಆಸ್ಪತ್ರೆಯೇ ದೊಡ್ಡಾಸ್ಪತ್ರೆ

ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್, ದಿನಕ್ಕೆ 7,000 ಲೀಟರಿಗೂ ಮಿಕ್ಕಿ ಅದರ ಮೂಲಕ ಹಾದುಹೋಗುತ್ತದೆ. ಆದರೂ ಆ ರಕ್ತದಿಂದ ಹೃದಯದ ಸ್ನಾಯುವಿಗೆ ನೇರವಾಗಿ ದಕ್ಕುವುದು ಅತ್ಯಲ್ಪ. ಅದರ ಪಾಲಿನ ಆಮ್ಲಜನಕ ಬರಬೇಕಾದ್ದು ಹೊರಗಿನಿಂದ. ಹೃದಯದಿಂದ ಹೊರಟ ಮಹಾಪಧಮನಿಯ ಬುಡದಲ್ಲೇ ಎರಡು ಸಣ್ಣ ನಾಳಗಳು ಕವಲೊಡೆದು, ಹೃದಯದ ಮೈಮೇಲೆ ಹಬ್ಬಿ, ಆಮೇಲೆ ಸ್ನಾಯುವಿನ ಒಳಕ್ಕೆ ಇಳಿಯುತ್ತವೆ. ಕರೋನರಿ ನಾಳಗಳೆಂದರೆ ಇವೇ. ಹೊರಡುವ ಜಾಗದಲ್ಲೂ ಇವುಗಳ ಅಗಲ ಮೂರು-ನಾಲ್ಕು ಮಿಲಿಮೀಟರ್, ಅಷ್ಟೇ.

ಇನ್ನೊಂದು ವಿಚಿತ್ರವಿದೆ. ಎಡಗಡೆಯ ಕೆಳಕೋಣೆ ಬಿಗಿಯಾಗಿ ಹಿಂಡಿ ರಕ್ತವನ್ನು ಮೈಗೆಲ್ಲ ದೂಡುವಾಗ ತನ್ನ ಗೋಡೆಯೊಳಗಿನ ನಾಳಗಳನ್ನೂ ಅಮುಕಿಬಿಡುತ್ತದೆ. ಹಾಗಾಗಿ ಅದಕ್ಕೆ ಊಟ ಸಿಗುವುದು ಮುಖ್ಯವಾಗಿ ಸಡಿಲಗೊಂಡಾಗ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ನಾಡಿ ನಿಮಿಷಕ್ಕೆ 70 ಇದ್ದಾಗ ಆ ಬಿಡುವು ಅರ್ಧ ಸೆಕೆಂಡಿನಷ್ಟು. ನಾಡಿ 140 ಆದರೆ ಕೆಲಸ ಹೆಚ್ಚುತ್ತದೆ, ಬಿಡುವು ಮಾತ್ರ ತೀರಾ ಕುಗ್ಗುತ್ತದೆ. ನಾಳ ಸರಿಯಿದ್ದರೆ ಅದು ಹಿಗ್ಗಿಕೊಂಡು ಸಂಭಾಳಿಸುತ್ತದೆ. ಒಳಗೆ ಕೊಬ್ಬು ಕಟ್ಟಿ ಕಿರಿದಾಗಿದ್ದರೆ ಆಗುವುದಿಲ್ಲ. ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಎದೆ ಬಿಗಿಹಿಡಿದು, ನಿಂತ ಐದು ನಿಮಿಷದಲ್ಲಿ ಸಡಿಲವಾದರೆ ಅದು ಆಂಜೈನಾ ಇರಬಹುದು. ಈ ಘಟ್ಟದಲ್ಲೇ ವೈದ್ಯರ ಬಳಿ ಹೋದವರು ಅದೃಷ್ಟವಂತರು.

ಹೃದಯಾಘಾತ ಇದೇ ನಾಳಗಳ ಕಾಯಿಲೆಯಾದರೂ ಅದು ಬರುವ ಬಗೆ ಬೇರೆ. ವರ್ಷಗಟ್ಟಲೆ ಕೊಬ್ಬು ಕೂತು ಕೂತು ನಾಳ ಪೂರ್ತಿ ಮುಚ್ಚಿಹೋಗುತ್ತದೆಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಆಗುವುದು ಹಾಗಲ್ಲ. ನಾಳದ ಗೋಡೆಯೊಳಗೆ ಸೇರಿದ ಮೆತ್ತನೆಯ ಕೊಬ್ಬಿನ ಮೇಲೆ, ಕಾಯಿಸಿಟ್ಟ ಹಾಲಿನ ಕೆನೆಯ ಹಾಗೆ, ಒಂದು ತೆಳು ಪೊರೆ ಇರುತ್ತದೆ. ಬಿ.ಪಿ. ಏರಿದಾಗಲೋ, ಸಿಗರೇಟಿನ ಹೊಗೆಗೋ, ಕೆಲವೊಮ್ಮೆ ಕಾರಣವೇ ತಿಳಿಯದೆಯೋ ಅದು ಬಿರಿಯುತ್ತದೆ. ದೇಹ ಅದನ್ನು ಗಾಯವೆಂದು ಬಗೆದು ಹೆಪ್ಪುಗಟ್ಟಿಸುತ್ತದೆ. ಆ ಹೆಪ್ಪು ಕೆಲವೇ ನಿಮಿಷಗಳಲ್ಲಿ ನಾಳವನ್ನು ಮುಚ್ಚಿಬಿಡಬಹುದು. ಬಿರಿಯುವ ಮುನ್ನ ಅಲ್ಲಿದ್ದ ಅಡ್ಡಿ ಅರ್ಧದಷ್ಟೂ ಇರಲಿಕ್ಕಿಲ್ಲ. ‘ಹೋದ ತಿಂಗಳು ಟಿಎಂಟಿ ಮಾಡಿಸಿದಾಗ ನಾರ್ಮಲ್ ಅಂದಿದ್ರಲ್ಲ’ ಎಂದು ಮನೆಯವರು ದಿಗಿಲುಬೀಳುವುದು ಇದಕ್ಕೇ. ಓಡಿಸಿ ನೋಡುವ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಆಗಲೇ ಕಿರಿದಾದ ನಾಳ. ನಾಳೆ ಬಿರಿಯಲಿರುವ ಪೊರೆ ಅದರಲ್ಲಿ ಕಾಣದು.

ನಾಳ ಮುಚ್ಚಿದ ಅರ್ಧ ಗಂಟೆಯ ಆಸುಪಾಸಿನಲ್ಲಿ ಸ್ನಾಯು ಸಾಯತೊಡಗುತ್ತದೆ. ಸಾವು ಒಳಪದರದಲ್ಲಿ ಶುರುವಾಗಿ ಮುಂದಿನ ಹಲವು ಗಂಟೆಗಳಲ್ಲಿ ಹೊರಪದರದತ್ತ ಹಬ್ಬುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಆ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ, ಕಲೆ ಹಿಂಡಲಾರದು. ಮೊದಲ ಗಂಟೆಯಲ್ಲಿ ನಾಳ ತೆರೆದರೆ ಮನುಷ್ಯ ಹೆಚ್ಚುಕಡಿಮೆ ಮೊದಲಿನಂತೆ ಓಡಾಡಬಹುದು. ಹನ್ನೆರಡನೆಯ ಗಂಟೆಯಲ್ಲಿ ತೆರೆದರೆ ಜೀವ ಉಳಿದರೂ ಮೊದಲಿನ ದಮ್ಮು ಉಳಿಯುವುದು ಕಷ್ಟ.

ಈ ಗಂಟೆಗಳನ್ನು ತಿನ್ನುವುದು ಯಾವುದು? ಮೊದಲನೆಯದು ‘ಗ್ಯಾಸ್ ಇರಬೇಕು’ ಎಂಬ ಮಾತು. ಹಲಸೂರಿನಿಂದ ಕೆ.ಆರ್. ಪುರದವರೆಗೆ, ತಮಿಳು ಮನೆಯಾಗಲಿ, ಉರ್ದು ಮನೆಯಾಗಲಿ, ಕನ್ನಡದ ಮನೆಯಾಗಲಿ, ರಾತ್ರಿ ಎದೆ ಹಿಡಿದುಕೊಂಡವರಿಗೆ ಮೊದಲು ಸಿಗುವುದು ಈನೋ, ನಿಂಬೆ ಸೋಡ, ಓಮದ ನೀರು. ಹೃದಯದ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಉರಿಯಂತೆ ಕಾಣಿಸುವುದೂ ಉಂಟು, ತೇಗು ಬಂದಾಗ ಒಂದಿಷ್ಟು ಹಗುರಾದಂತೆ ಅನ್ನಿಸುವುದೂ ಉಂಟು. ಬೆವರು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ಬಿಗಿತ, ಕಾರಣವಿಲ್ಲದ ಏದುಸಿರು, ಈ ಮೂರರಲ್ಲಿ ಒಂದು ಜೊತೆಗೂಡಿದರೂ ಸೋಡ ಪಕ್ಕಕ್ಕಿಡಬೇಕು. ಸಕ್ಕರೆ ಕಾಯಿಲೆ ಹಳತಾದವರಲ್ಲಿ ನರಗಳು ಮಂಕಾಗಿರುವುದರಿಂದ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ ಕಾಣಿಸಬಹುದು. ಹೆಂಗಸರಲ್ಲಿ ಎದೆಗಿಂತ ಬೆನ್ನು, ಕುತ್ತಿಗೆ, ಉಸಿರಿನ ದೂರೇ ಮುಂದಾಗಿ, ‘ಕೆಲಸ ಜಾಸ್ತಿ ಆಯ್ತು’ ಎಂಬಲ್ಲಿಗೆ ಮುಗಿದುಹೋಗುತ್ತದೆ.

ಎರಡನೆಯದು ಊರಿನ ರಸ್ತೆ. ಬೆಂಗಳೂರಿನಲ್ಲಿ ಹಾರ್ಟು ಎಂದೊಡನೆ ಬಾಯಿಗೆ ಬರುವ ಹೆಸರು ಜಯದೇವ. ಸರ್ಕಾರಿ ವ್ಯವಸ್ಥೆಯಲ್ಲೇ ಅಂಥದೊಂದು ಸಂಸ್ಥೆ ಕಟ್ಟಿದ್ದು ಕರ್ನಾಟಕದ ದೊಡ್ಡ ಸಾಧನೆ. ಆದರೆ ಅದಿರುವುದು ಬನ್ನೇರುಘಟ್ಟ ರಸ್ತೆಯಲ್ಲಿ. ಕೆ.ಆರ್. ಪುರದಿಂದ ಹೊರಟವರು ಟಿನ್ ಫ್ಯಾಕ್ಟರಿ, ಮಾರತ್‌ಹಳ್ಳಿ, ಸಿಲ್ಕ್ ಬೋರ್ಡ್ ದಾಟಿ ಹದಿನೈದು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಸಂಜೆ ಆರಕ್ಕೆ ಆ ದಾರಿ ಎಷ್ಟು ಹೊತ್ತೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಎದೆನೋವಿನಲ್ಲಿ ದೊಡ್ಡಾಸ್ಪತ್ರೆ ಯಾವುದೆಂದರೆ, ಇಸಿಜಿ ತೆಗೆದು ಓದಬಲ್ಲ ವೈದ್ಯರಿರುವ ಅತಿ ಹತ್ತಿರದ ಆಸ್ಪತ್ರೆ. ಶಿವಾಜಿನಗರದವರಿಗೆ ಅದು ಒಂದೂವರೆ ಶತಮಾನ ಕಂಡ ಬೌರಿಂಗ್ ಇರಬಹುದು, ಇಂದಿರಾನಗರದವರಿಗೆ ಸಿ.ವಿ. ರಾಮನ್ ಆಸ್ಪತ್ರೆ ಇರಬಹುದು, ಕೆ.ಆರ್. ಪುರದವರಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಯೋ ಬೀದಿ ತುದಿಯ ನರ್ಸಿಂಗ್ ಹೋಮೋ ಇರಬಹುದು. ಹೋಗಿ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆನ್ನುವುದು ಲೋಕದೆಲ್ಲೆಡೆ ಒಪ್ಪಿದ ನಿಯಮ. ಅಲ್ಲಿಂದ ಎಲ್ಲಿಗೆ ಕಳಿಸಬೇಕೆಂಬುದನ್ನು ಆ ಕಾಗದ ಹೇಳುತ್ತದೆ. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆಯಬೇಕು, ಟ್ರೋಪೊನಿನ್ ಎಂಬ ರಕ್ತಪರೀಕ್ಷೆ ಮಾಡಬೇಕು. ಅದನ್ನು ಕೇಳಲು ನಾಚಬೇಕಿಲ್ಲ.

ಮುಚ್ಚಿದ ನಾಳ ತೆರೆಯಲು ಎರಡು ದಾರಿ. ಒಂದು, ಮುಂಗೈ ಅಥವಾ ತೊಡೆಸಂದಿಯ ನಾಳದಿಂದ ತಂತಿ ತೂರಿಸಿ, ಬಲೂನು ಹಿಗ್ಗಿಸಿ ಸ್ಟೆಂಟ್ ಕೂರಿಸುವುದು. ಎರಡು ಗಂಟೆಯೊಳಗೆ ಇದು ಸಾಧ್ಯವಾಗುವಂತಿದ್ದರೆ ಇದೇ ಮೇಲು. ಇಲ್ಲವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಸಾಗಿಸುವುದು. ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯ ತಿರುಳು ಇಷ್ಟೇ: ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡುತ್ತಾರೆ, ಬೇಕಿದ್ದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ರೋಗಿಯ ಬದಲು ಕಾಗದ ಪ್ರಯಾಣ ಮಾಡುತ್ತದೆ. ಸ್ಟೆಂಟಿನ ದುಡ್ಡಿಗೆ ಹೆದರಿ ಹೊರಡದೆ ಕೂರುವವರಿಗೆ ಇನ್ನೊಂದು ಮಾತು: ಲಕ್ಷದ ಮೇಲೆ ಮಾರಾಟವಾಗುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲೇ 30,000 ರೂಪಾಯಿಗಿಂತ ಕಡಿಮೆಯ ಮಿತಿ ಹಾಕಿತು. ಆಮೇಲೆ ಒಂದಿಷ್ಟು ಏರಿದ್ದರೂ ಮಿತಿ ಮಾತ್ರ ಇಂದಿಗೂ ಇದೆ.

ಪುನೀತ್ ಹೆಸರು ಬಂತು. 2021ರ ಅಕ್ಟೋಬರ್ 29ರ ಬೆಳಿಗ್ಗೆ ವ್ಯಾಯಾಮದ ನಂತರ ಅವರಿಗೆ ಅಸ್ವಸ್ಥತೆ ಕಾಣಿಸಿತು. ಕುಟುಂಬದ ವೈದ್ಯರಲ್ಲಿಗೆ ಹೋದರು, ಅಲ್ಲಿಂದ ಕಂಟೋನ್ಮೆಂಟ್ ಬಳಿಯ ಮಿಲ್ಲರ್ಸ್ ರಸ್ತೆಯ ಆಸ್ಪತ್ರೆಗೆ. ಅಲ್ಲಿ ತಲುಪುವಷ್ಟರಲ್ಲಿ ಹೃದಯ ಸ್ತಬ್ಧವಾಗಿತ್ತೆಂದು ಆಸ್ಪತ್ರೆ ಹೇಳಿತು. ವಯಸ್ಸು 46. ಆ ದುಃಖದ ಜೊತೆಗೇ ಹೃದಯಾಘಾತ, ಹೃದಯಸ್ತಂಭನ ಎರಡೂ ಒಂದೇ ಎಂಬ ಗೊಂದಲವೂ ನಾಡಿಗೆಲ್ಲ ಹರಡಿತು. ನಾಳ ಮುಚ್ಚಿಕೊಳ್ಳುವುದು ಹೃದಯಾಘಾತ. ಅಂಥವರು ಸಾಮಾನ್ಯವಾಗಿ ಎಚ್ಚರವಾಗಿರುತ್ತಾರೆ, ನೋವು ಹೇಳುತ್ತಾರೆ, ನಡೆದುಕೊಂಡು ಆಸ್ಪತ್ರೆಗೆ ಬರುವುದೂ ಉಂಟು. ಹೃದಯಸ್ತಂಭನ ವಿದ್ಯುತ್ತಿನ ಕೆಡುಕು. ಬಲ ಮೇಲ್ಕೋಣೆಯ ಪುಟ್ಟ ಗಂಟೊಂದರಿಂದ ಹೊರಟ ಸಂಕೇತ ಕ್ರಮವಾಗಿ ಕೆಳಕೋಣೆಗಳಿಗೆ ಇಳಿದರೆ ಹೃದಯ ಹಿಂಡುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇದು ತಪ್ಪದೆ ನಡೆಯುತ್ತದೆ. ಆ ಕ್ರಮ ಚೆದುರಿ ಕೆಳಕೋಣೆಗಳು ಬರೀ ನಡುಗತೊಡಗಿದರೆ ರಕ್ತ ಹರಿಯದು, ಕೆಲವು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ರಕ್ತವಿಲ್ಲದ ಸ್ನಾಯುವಿನಲ್ಲಿ ಸಂಕೇತ ಕೆಡುವುದು ಸುಲಭ. ಹೀಗಾಗಿ ಆಘಾತವೇ ಸ್ತಂಭನಕ್ಕೆ ತಿರುಗುವ ಅಪಾಯ ಮೊದಲ ಗಂಟೆಗಳಲ್ಲಿ ಅತಿ ಹೆಚ್ಚು. ಆಸ್ಪತ್ರೆಗೆ ಸ್ವಂತ ಸ್ಕೂಟರಿನಲ್ಲಿ ಹೊರಡಬಾರದು, 108ಕ್ಕೆ ಕರೆಮಾಡಿ ಎನ್ನುವುದು ಇದಕ್ಕೆ.

ಕುಸಿದುಬಿದ್ದವರು ಕರೆದರೂ ಏಳದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ಮಧ್ಯದಲ್ಲಿ ಎರಡು ಅಂಗೈ ಇಟ್ಟು, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಬೇಕು. ಪಕ್ಕೆಲುಬು ಮುರಿದೀತೆಂಬ ಅಂಜಿಕೆ ಬೇಡ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಸಂದೇಶ ಬರೀ ಸುಳ್ಳು. ನಾಲಿಗೆಯಡಿಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದ ಮನೆಯವರಿಂದ ತಂದು ಕೊಡುವುದೂ ಸರಿಯಲ್ಲ, ಬಿ.ಪಿ. ಕೆಳಗಿದ್ದರೆ ಅದು ಇನ್ನಷ್ಟು ಇಳಿಸುತ್ತದೆ. ಆಸ್ಪಿರಿನ್ ಅಗಿದು ತಿನ್ನುವುದು ಬಹುಪಾಲು ಜನರಿಗೆ ಒಳ್ಳೆಯದೇ. ಆದರೆ ಹೊಟ್ಟೆಹುಣ್ಣು, ಅಲರ್ಜಿ ಇರುವವರಿಗಲ್ಲ, ಫೋನಿನಲ್ಲಾದರೂ ವೈದ್ಯರ ಮಾತು ಕೇಳಿಯೇ ಕೊಡಬೇಕು.

ಪುನೀತ್ ತೀರಿಕೊಂಡ ಮೇಲೆ ಹೃದಯದ ಆಸ್ಪತ್ರೆಗಳ ಮುಂದೆ ಕಂಡ ಸಾಲು 2025ರಲ್ಲಿ ಮತ್ತೆ ಕಂಡಿತು. ಹಾಸನದಲ್ಲಿ ಮೇ-ಜೂನ್‌ನ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ ತೀರಿಕೊಂಡ ಸುದ್ದಿ ಬಂದು ಜಯದೇವದ ಹೊರರೋಗಿ ವಿಭಾಗ ತುಂಬಿ ತುಳುಕಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವಿನ ಪ್ರಮಾಣ ಅಸಹಜವಾಗಿ ಏರಿಲ್ಲ, ಕೋವಿಡ್ ಲಸಿಕೆಯೂ ಕಾರಣವಲ್ಲ ಎಂದಿತು. ಹೆದರಿಕೆಗೆ ಒಂದು ದಿನ ಇಸಿಜಿ ಮಾಡಿಸಿ ಸಮಾಧಾನಪಟ್ಟು ಮರಳುವುದರಿಂದ ಹೆಚ್ಚೇನೂ ದಕ್ಕದು. ಅದೇ ಬೆಳಿಗ್ಗೆ ಬಿ.ಪಿ., ಸಕ್ಕರೆ, ಕೊಲೆಸ್ಟೆರಾಲ್ ನೋಡಿಸಿದ್ದರೆ ಮುಂದಿನ ಹತ್ತು ವರ್ಷಕ್ಕೆ ದಾರಿ ಸಿಗುತ್ತಿತ್ತು.

ಇದಕ್ಕೆ ಆಧಾರ ದೂರದ್ದಲ್ಲ. ನಮ್ಮ ಸೇಂಟ್ ಜಾನ್ಸ್‌ನಲ್ಲೇ ವೈದ್ಯಕೀಯ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 52 ದೇಶಗಳ ಸುಮಾರು 30,000 ಜನರನ್ನು ಅದು ನೋಡಿತ್ತು. ಧೂಮಪಾನ, ಕೆಟ್ಟ ಕೊಬ್ಬು, ಬಿ.ಪಿ., ಸಕ್ಕರೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿಯ ಕೊರತೆ, ಮೈ ಬಗ್ಗಿಸದಿರುವುದು, ಜೊತೆಗೆ ಕುಡಿತದ ಲೆಕ್ಕ, ಈ ಒಂಬತ್ತರಲ್ಲೇ ಮೊದಲ ಹೃದಯಾಘಾತದ ಅಪಾಯದ ನೂರಕ್ಕೆ 90 ಪಾಲು ಅಡಗಿತ್ತು. ದಕ್ಷಿಣ ಏಷ್ಯಾದವರಿಗೆ ಅದು ಬಂದದ್ದು ಸರಾಸರಿ 53ರ ಸುಮಾರಿಗೆ, ಉಳಿದವರಿಗಿಂತ ಐದಾರು ವರ್ಷ ಮೊದಲು. ಹೃದಯಾಘಾತಕ್ಕೆ ಕಾರಣವೆಂದು ಇಂದಿರಾನಗರದ ಜಿಮ್ಮುಗಳ ಮೇಲೆ ಹೊರಿಸುವ ಆರೋಪವನ್ನು ನಾನು ಪೂರ್ತಿ ಒಪ್ಪೆ. ಹತ್ತು ವರ್ಷ ಕೂತೇ ಇದ್ದವರು ಒಂದೇ ವಾರದಲ್ಲಿ ಭಾರ ಎತ್ತಲು ಹೋಗುವುದು ತಪ್ಪು, ನಿಜ. ಆದರೆ ರಸಲ್ ಮಾರ್ಕೆಟ್ ಆಚೀಚೆ ಟೀ ಅಂಗಡಿಗಳ ಮುಂದೆ ಸುಡುವ ಸಿಗರೇಟು ಯಾವ ಜಿಮ್ಮಿಗಿಂತಲೂ ಹೆಚ್ಚು ಜನರನ್ನು ಆಸ್ಪತ್ರೆಗೆ ಕಳಿಸಿದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ತೂಕದ ಯಂತ್ರ ಏನೇ ಹೇಳಲಿ, ನಮ್ಮ ಮೈಕಟ್ಟಿಗೆ ಅದು ಹೆಚ್ಚೇ.

ಎಲ್ಲ ಹೃದಯರೋಗವೂ ನಾಳದ್ದಲ್ಲ. ವೈದ್ಯರು ಸ್ಟೆತಸ್ಕೋಪಿನಲ್ಲಿ ಕೇಳುವ ಲಬ್-ಡಬ್ ನಾಲ್ಕು ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಒತ್ತೊತ್ತಾದ ಸಣ್ಣ ಮನೆಗಳಲ್ಲಿ ಮಕ್ಕಳ ಗಂಟಲುನೋವು ಬೇಗ ಹಬ್ಬುತ್ತದೆ. ಅದು ಸ್ಟ್ರೆಪ್ಟೊಕಾಕಸ್ ಸೋಂಕಾಗಿದ್ದು ಚಿಕಿತ್ಸೆ ಆಗದಿದ್ದರೆ, ಕೆಲವು ಮಕ್ಕಳಲ್ಲಿ ವಾರಗಳ ನಂತರ ಜ್ವರ, ಕೀಲು ಊತ ಬರುತ್ತದೆ. ಅದು ಹೇಗೋ ಹೋಗುತ್ತದೆ, ಆದರೆ ಕವಾಟ ದಪ್ಪಗಟ್ಟಿ ಅಂಟಿಕೊಳ್ಳಲು ತೊಡಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಮೊದಲ ಬಸುರಿನಲ್ಲಿ, ಉಸಿರು ಸಾಲದಾದಾಗ. ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ತಪ್ಪದಿದ್ದರೆ ಕವಾಟ ಇನ್ನಷ್ಟು ಕೆಡುವುದನ್ನು ತಡೆಯಬಹುದು. ಬಿಗಿದುಕೊಂಡ ಕವಾಟವನ್ನು ಬಲೂನಿನಿಂದ ತೆರೆಯುವುದರಲ್ಲಿ ಜಯದೇವದ್ದು ದೊಡ್ಡ ಹೆಸರು. 2001ರ ಜನವರಿಯಲ್ಲಿ ಶುರುವಾದ ವೈಟ್‌ಫೀಲ್ಡಿನ ಸಾಯಿಬಾಬಾ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಬಿಲ್ಲೇ ಇಲ್ಲ, ಬೇರೆ ರಾಜ್ಯಗಳಿಂದಲೂ ಜನ ಅಲ್ಲಿಗೆ ಬರುತ್ತಾರೆ.

ಹಿಂಡುವ ಬಲವೇ ಕುಂದುವುದು ಹೃದಯ ವೈಫಲ್ಯ. ಹೆಸರು ಕೇಳಿ ಹೃದಯ ನಿಂತೇಹೋಯಿತೆಂದು ಗಾಬರಿಯಾಗಬೇಕಿಲ್ಲ. ಎಕೋ ವರದಿಯಲ್ಲಿ ಇ.ಎಫ್. 60 ಎಂದಿದ್ದರೆ ನೂರಕ್ಕೆ ನಲವತ್ತು ಕಳೆದುಕೊಂಡಿದ್ದೀರಿ ಎಂದಲ್ಲ. ಆರೋಗ್ಯವಂತ ಹೃದಯವೂ ಒಂದು ಬಡಿತಕ್ಕೆ ಹೊರದೂಡುವುದು ತುಂಬಿಕೊಂಡ ರಕ್ತದ ನೂರಕ್ಕೆ ಐವತ್ತೈದರಿಂದ ಎಪ್ಪತ್ತು ಪಾಲು. ಸಂಜೆಗೆ ಕಾಲು ಊದುವುದು, ಎರಡು ದಿಂಬಿಲ್ಲದೆ ಮಲಗಲಾಗದಿರುವುದು, ಎರಡೇ ದಿನದಲ್ಲಿ ತೂಕ ಎರಡು ಕಿಲೋ ಏರುವುದು ಇದರ ಗುರುತುಗಳು. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬಿಸ್ಕತ್ತು ಬಿಡುವುದೂ ಚಿಕಿತ್ಸೆಯ ಭಾಗವೇ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಹೆಪ್ಪು ತಡೆಯುವ ಎರಡು ಮಾತ್ರೆಗಳನ್ನು ಹೆಚ್ಚಾಗಿ ಒಂದು ವರ್ಷ ಬರೆದುಕೊಡುತ್ತಾರೆ. ಹಲ್ಲು ಕೀಳಿಸಬೇಕೆಂದೋ, ಚೆನ್ನಾಗೇ ಇದ್ದೇನಲ್ಲ ಎಂದೋ ನಡುವೆ ಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟೀತು. ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನ್, ಶಿವಾಜಿನಗರದ ಅನೇಕ ರೋಗಿಗಳು ಯಾರನ್ನೂ ಕೇಳದೆ ಹಗಲಿನ ಮಾತ್ರೆ ನಿಲ್ಲಿಸಿಬಿಡುವ ಅಪಾಯವಿದೆ. ಅದರ ಅಗತ್ಯವೇ ಇಲ್ಲ, ಬಹಳಷ್ಟು ಮಾತ್ರೆಗಳನ್ನು ಸಹ್ರಿ ಮತ್ತು ಇಫ್ತಾರಿನ ಹೊತ್ತಿಗೆ ಹಂಚಿಕೊಳ್ಳಬಹುದು. ನೀರು ಇಳಿಸುವ ಮಾತ್ರೆ, ಇನ್ಸುಲಿನ್ ಎರಡರ ಪ್ರಮಾಣವನ್ನು ಮಾತ್ರ ವೈದ್ಯರೇ ಬದಲಿಸಬೇಕು. ಇತ್ತೀಚೆಗೆ ಹೃದಯಾಘಾತವಾದವರು ಉಪವಾಸ ಹಿಡಿಯಬಹುದೇ ಎಂಬುದನ್ನೂ ಅವರೇ ಹೇಳಬೇಕು. ಕೇಳುವುದಾದರೆ ಚಂದ್ರ ಕಾಣುವ ಮುನ್ನ, ರಂಜಾನಿಗೆ ಮುಂಚಿನ ಶಾಬಾನ್ ತಿಂಗಳಲ್ಲೇ ಹೋಗಿ ಕೇಳಿ. ಪ್ರಮಾಣ ಬದಲಿಸಿದ ಮೇಲೆ ಮೈ ಒಗ್ಗಿತೋ ಇಲ್ಲವೋ ನೋಡಲು ಎರಡು ವಾರ ಕೈಯಲ್ಲಿರುತ್ತದೆ.