ರಾಜಾಜಿನಗರ ಮರೆತ ರಾಜಾಜಿ

ಬೆಂಗಳೂರಿನ ರಾಜಾಜಿನಗರವೆಂದರೆ ಜನರಿಗೆ ನೆನಪಾಗುವುದು ನವರಂಗ್ ಥಿಯೇಟರು, ಭಾಷ್ಯಂ ಸರ್ಕಲ್ಲು, ಕೈಗಾರಿಕಾ ವಸಾಹತು. ಆ ಬಡಾವಣೆಗೆ ಹೆಸರು ಕೊಟ್ಟ ರಾಜಾಜಿ ಮಾತ್ರ ಯಾರಿಗೂ ನೆನಪಿಲ್ಲ. 1962ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ವಾಷಿಂಗ್ಟನ್‌ಗೆ ಹೋಗಿ, ಅಣ್ವಸ್ತ್ರ ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡಿದ್ದರು. ಗಾಂಧಿ ಶಾಂತಿ ಪ್ರತಿಷ್ಠಾನದ ಆ ನಿಯೋಗದಲ್ಲಿ ನಮ್ಮವರೇ ಆದ ಆರ್.ಆರ್. ದಿವಾಕರ ಮತ್ತು ಬಿ. ಶಿವರಾವ್ ಅವರೂ ಇದ್ದರು. ಮರುವರ್ಷ ಅಮೆರಿಕ, ರಷ್ಯಾ, ಬ್ರಿಟನ್‌ಗಳು ಭೂಗತ ಪರೀಕ್ಷೆಗಳನ್ನು ಬಿಟ್ಟು ಉಳಿದ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಈ ನಿಯೋಗದ ಫಲವೆಂದು ನಾವು ಹೇಳುತ್ತಿಲ್ಲ. ಹಾಗೆ ಕೇಳುವವರು ನಮ್ಮಲ್ಲಿದ್ದರು ಎಂದಷ್ಟೇ ಹೇಳುತ್ತಿದ್ದೇವೆ.

ಇಂದು ಅದೇ ರಾಜಾಜಿನಗರದ ಅಥವಾ ವಿಜಯನಗರದ ಹುಡುಗಿಯೊಬ್ಬಳು 'ಅಣ್ವಸ್ತ್ರ ನಿಯಂತ್ರಣದ ಬಗ್ಗೆ ಸಂಶೋಧನೆ ಮಾಡುತ್ತೇನೆ' ಎಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ: 'ಅದನ್ನು ಓದಿದರೆ ಕೆಲಸ ಸಿಗುತ್ತದೆಯೇ?' ನೆರೆಯವರದು ಇನ್ನೊಂದು: 'ನಿನಗೆ ದೇಶದ ಮೇಲೆ ಅಭಿಮಾನ ಇಲ್ಲವೇ?' ಅವಳ ಅಣ್ಣ ಕ್ಷಿಪಣಿ ತಯಾರಿಸುವ ಕಡೆ ಸೇರಿದರೆ ಬೀದಿಯಲ್ಲಿ ಸನ್ಮಾನ, ಬ್ಯಾನರು!

ಈ ಓದು ಅಷ್ಟು ನಿರುಪಯುಕ್ತವೇ? 1988ರ ಡಿಸೆಂಬರ್ 31ರಂದು ಭಾರತ, ಪಾಕಿಸ್ತಾನಗಳು ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಒಪ್ಪಿಕೊಂಡವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತ ಬಂದಿವೆ. ಕಾರ್ಗಿಲ್ ಕದನವೂ ಅದನ್ನು ನಿಲ್ಲಿಸಲಿಲ್ಲ. ಕೈಗಾ ಸುತ್ತಲಿನ ಜನರ ನೆಮ್ಮದಿಯಲ್ಲಿ ಆ ಕಾಗದಕ್ಕೂ ಪಾಲಿದೆ. ಇಂಥ ಕಾಗದಗಳು ಹೇಗೆ ಹುಟ್ಟುತ್ತವೆ, ಏಕೆ ಬಾಳುತ್ತವೆ, ಯಾವಾಗ ಹರಿದುಹೋಗುತ್ತವೆ ಎಂದು ತಿಳಿಯುವುದೇ ಈ ಅಧ್ಯಯನ.

ಇನ್ನೊಂದು ವಿಪರ್ಯಾಸ ನೋಡಿ. ಅಣ್ವಸ್ತ್ರ ಪ್ರಯೋಗ ಕಾನೂನುಬಾಹಿರವೆಂದು 1995ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಬರೆದುಕೊಟ್ಟದ್ದು ಭಾರತವೇ. ಮೂರೇ ವರ್ಷಗಳಲ್ಲಿ ಪೋಖ್ರಾನ್ ಗುಡುಗಿತು. ಈ ಎರಡನ್ನೂ ಎದುರುಬದುರು ಇಟ್ಟು ಸರಕಾರವನ್ನು ಪ್ರಶ್ನಿಸಲು ಓದಿಕೊಂಡವರು ಬೇಡವೇ?

ಇದು ದೇಶದ್ರೋಹವೆನ್ನುವವರಿಗೆ ಒಂದು ಮಾತು. 1974ರ ಸ್ಫೋಟದ ಮುಂದಾಳು ರಾಜಾ ರಾಮಣ್ಣ ಕನ್ನಡಿಗರು. ಅವರು ಮೊದಲ ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲೇ ಅಂತಾರಾಷ್ಟ್ರೀಯ ಭದ್ರತೆಯ ಅಧ್ಯಯನ ನಡೆಯುತ್ತಿದೆ. ಅಲ್ಲಿ ದ್ರೋಹವಲ್ಲದ್ದು ನಮ್ಮ ಮಕ್ಕಳು ಓದಿದರೆ ದ್ರೋಹವಾಗುವುದು ಹೇಗೆ?

ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಕೆಂಗೇರಿ ದಾರಿಯಲ್ಲಿ ಜ್ಞಾನಭಾರತಿ ಇದೆ. ಕೊರತೆ ಕಟ್ಟಡಗಳದ್ದಲ್ಲ. ಜಾತಿ ಸಂಘಗಳು, ಜಮಾಅತ್‌ಗಳು ಕೊಡುವ ವಿದ್ಯಾರ್ಥಿವೇತನ ಇಂಜಿನಿಯರಿಂಗ್, ಮೆಡಿಕಲ್ ದಾಟಿ ಬರಲಿ. ವರ್ಷಕ್ಕೊಬ್ಬರಾದರೂ ಇದನ್ನು ಓದಲಿ, ಓದಿದ್ದನ್ನು ಕನ್ನಡದಲ್ಲಿ ಬರೆಯಲಿ. ಬಾಂಬು ಬಿದ್ದರೆ ಸಾಯುವವರು ಕನ್ನಡ ಬಲ್ಲವರೂ ಹೌದು. ಅದನ್ನು ತಡೆಯುವ ಮಾತು ಇಂಗ್ಲಿಷ್ ಬಲ್ಲವರಿಗಷ್ಟೇ ಏಕೆ ಮೀಸಲಾಗಬೇಕು?